ಮನಿ ಮಶೀನಿನ್ಯಾಗ 7 ಬೈ 8 ಅಡಿ ಕೌದಿ: ಮ್ಯಾಲಿನ ಅರಿವಿ ಸರೀತದ, ಹಿಂದ ನಿರಿಗಿ ಬೀಳ್ತದ

ನೀಲಿದಾರ (ಧಾರವಾಡ)
ಎಲ್ಲಾರಿಗೂ ನಮಸ್ಕಾರ್ರಿ. ಕೌದಿ ಅಳತಿ 84 ಬೈ 96 ಇಂಚು. ಮ್ಯಾಲ ಹಳೇ ಕಾಟನ್ ಸೀರಿ ಮತ್ತ ಗುಳೇದಗುಡ್ಡದ ಖಣದ (ರವಿಕಿ ಅರಿವಿ) ಚೌಕ ತ್ಯಾಪಿ, ನಡುವ ಎರಡು ಪದರು ಹಳೇ ಧೋತರ, ಕೆಳಗ ಹೊಸಾ ಲಾಂಗ್‌ಕ್ಲಾತ್. ಮಶೀನ್ ಕರೇ ಬಣ್ಣದ ಹಳೇ ನಮೂನಿ, ನೇರ ಹೊಲಿಗಿ ಅಷ್ಟ, ಕಾಲಿಲೆ ತುಳಿಯೂದು. ಬಲಗಡೆ ಅಂಚಿನಿಂದ ಸುರು ಮಾಡಿ ಎರಡೆರಡು ಇಂಚಿಗೆ ಉದ್ದ ಗೆರಿ ಹಾಕಿದ್ರ, ಮೂರನೇ ಗೆರಿ ಮುಗಿಯೂದ್ರಾಗ ಮ್ಯಾಲಿನ ಅರಿವಿ ಕಡೀಕ ಎರಡು ಬೆರಳು ಹೆಚ್ಚಿಗೆ ಬಂದದ. ತಿರುಗಿಸಿ ನೋಡಿದ್ರ ಲಾಂಗ್‌ಕ್ಲಾತ್ ಮೂರು ಕಡೆ ಮಡಿಚಿ ಹೊಲದ್ಹೋಗ್ಯದ. ತ್ಯಾಪಿ ಕೂಡೋ ಜಾಗಾದಾಗ ಎರಡು ಸೂಜಿ ಮುರದ್ವು. ಖಣದ ಮ್ಯಾಲ ಹೊಲಿಗಿ ಬಿಟ್ಟ ಬಿಟ್ಟ ಬೀಳ್ತದ.

ಇಷ್ಟು ದೊಡ್ಡದು ಮನಿ ಮಶೀನಿನ್ಯಾಗ ಆಗತದೋ ಇಲ್ಲೋ? ಆಗೂದಾದ್ರ ಸೂಜಿ, ದಾರ, ಫೂಟ್ (ಅರಿವಿ ಒತ್ತಿ ಹಿಡಿಯೂ ಕಾಲು) ಯಾವುದು ಹಚ್ಚಬೇಕು?

ದಬ್ಬಣ (ಗದಗ)
ಕೈಲೆ ಹಾಕ್ರಿ. ಮಶೀನಿನ್ಯಾಗ ಹೊಲದದ್ದಕ್ಕ ಚಾದರ ಅಂತಾರ, ಕೌದಿ ಅನ್ನೂದಿಲ್ಲ.

ಹಲ್ಲುಪಟ್ಟಾ (ಹುಬ್ಬಳ್ಳಿ)
ದಬ್ಬಣ ಅಣ್ಣಾರ ಜಗಳ ಆಮ್ಯಾಲ. ಮೊದಲ ರೋಗ ಹಿಡೀರಿ.

ಮಶೀನಿನ ಹಲ್ಲು, ಅಂದ್ರ ಫೂಟಿನ ಕೆಳಗ ಅರಿವಿ ಸರಸೋ ಗರಗಸದಂಥಾ ಪಟ್ಟಿ, ಜಗ್ಗೂದು ಕೆಳಗಿನ ಅರಿವಿ ಅಷ್ಟ. ಮ್ಯಾಲಿನದು ಫೂಟಿಗೆ ತಿಕ್ಕಾಡಕೋತ ಒಂದೊಂದು ಹೊಲಿಗಿಗೂ ಕೂದಲೆಳಿಯಷ್ಟು ಹಿಂದ ಉಳೀತೈತಿ. 96 ಇಂಚು ಅಂದ್ರ 2440 ಮಿಲಿಮೀಟರ್. 3 ಮಿಲಿಮೀಟರಿನ ಹೊಲಿಗಿ ಇಟ್ರ ಒಂದ ಗೆರಿಗೆ 810ಕ್ಕಿಂತ ಹೆಚ್ಚು ಹೊಲಿಗಿ ಬೀಳ್ತಾವ. ಒಂದೊಂದಕ್ಕ 0.05 ಮಿಲಿಮೀಟರ್ ಹಿಂದ ಉಳದ್ರೂ ಕಡೀಕ 40 ಮಿಲಿಮೀಟರ್ ಆತು. ಅದ ನಿಮ್ಮ ಎರಡು ಬೆರಳು. ಮಶೀನ್ ಕೆಟ್ಟಿಲ್ಲ, ಅದರ ಸ್ವಭಾವನ ಹಂಗ.

ಮದ್ದು ಮೂರು. ಒಂದು, ಅಂಚಿನಿಂದ ಸುರು ಮಾಡಬ್ಯಾಡ್ರಿ, ನಡುವಿನಿಂದ ಮಾಡ್ರಿ. ಎರಡು, ಫೂಟ್ ಹಿಡದ ದಂಡದ ಮ್ಯಾಲಿನ ತುದಿಗೆ ಒಂದು ಒತ್ತಡದ ಸ್ಕ್ರೂ ಐತಿ, ಅದನ್ನ ಎಡಕ್ಕ ತಿರುವಿ ಫೂಟಿನ ಒತ್ತಡ ಕಡಿಮಿ ಮಾಡ್ರಿ. ಮೂರು, ಪಿನ್ನು. ಎಷ್ಟು ಹಾಕೀರಿ?

ನೀಲಿದಾರ (ಧಾರವಾಡ)
ಸುತ್ತ ಅಂಚಿಗೆ ಹಾಕೇನಿ. ನಡುವ ಅಲ್ಲೊಂದು ಇಲ್ಲೊಂದು. ಒಟ್ಟ 40 ಇರಬಹುದು.

ಹಲ್ಲುಪಟ್ಟಾ (ಹುಬ್ಬಳ್ಳಿ)
40 ಸಾಲೂದಿಲ್ರಿ ಅಕ್ಕಾರ. ಮುಷ್ಟಿ ಎಲ್ಲಿಟ್ರೂ ಒಂದು ಪಿನ್ ತಾಕಬೇಕು, ಅಂದ್ರ 4 ಇಂಚಿಗೆ ಒಂದು. ನಿಮ್ಮ ಅಳತಿಗೆ 21 ಸಾಲು, ಸಾಲಿಗೆ 24. ಐನೂರರ ಹತ್ರ.

ಏಲಕ್ಕಿಹಾರ (ಹಾವೇರಿ)
ಐನೂರು ಸೇಫ್ಟಿ ಪಿನ್ನಾ! ಅದರ ಬದಲು ಕಚ್ಚಾ ಹೊಲಿಗಿ ಹಾಕ್ರಿ. ಉದ್ದ ಸೂಜಿ, ಬಿಳೀ ದಾರ, 2 ಇಂಚಿನ ಟಾಕಿ. ನಾಲ್ಕು ಇಂಚಿಗೆ ಒಂದು ಸಾಲು, ಉದ್ದಕ್ಕೂ ಅಡ್ಡಕ್ಕೂ. ಪಿನ್ ಆದ್ರ ಹೊಲಿಯೋವಾಗ ಹತ್ತು ಸಲ ನಿಲ್ಲಿಸಿ ತಗೀಬೇಕು, ಮರತ್ರ ಸೂಜಿ ಅದರ ಮ್ಯಾಲ ಬಿದ್ದು ಮುರೀತೈತಿ. ಕಚ್ಚಾ ದಾರದ ಮ್ಯಾಲ ಸೂಜಿ ಹೋದ್ರ ಏನೂ ಆಗಂಗಿಲ್ಲ, ಕಡೀಕ ಎಳದು ತಗದ್ರಾತು.

ಕಪ್ಪತಗುಡ್ಡ (ಗದಗ)
ಕಚ್ಚಾ ಹೊಲಿಗಿಗಿಂತ ಮೊದಲು ನೆಲ. ಯಾರೂ ಅದನ್ನ ಹೇಳವಲ್ರಿ.

ಲಾಂಗ್‌ಕ್ಲಾತ್ ಹಿಂದ ಮಡಿಚೋದಕ್ಕ ಕಾರಣ ಅದನ್ನ ಹಾಸಿದಾಗ ಸಡ್ಲ ಇದ್ದದ್ದು. ಸಾಪ್ ನೆಲದ ಮ್ಯಾಲ, ಶಹಾಬಾದ್ ಕಲ್ಲೋ ಟೈಲ್ಸೋ, ಕೆಳಗಿನ ಬಟ್ಟಿ ಉಲ್ಟಾ ಹಾಸಿ ನಾಲ್ಕೂ ಬದಿ ನಡುವಿನ ಜಾಗಾದಾಗ ಟೇಪ್ ಹಚ್ಚಬೇಕು. ಆಮ್ಯಾಲ ಮೂಲಿ. ಬಿಗಿ ಇರಬೇಕು, ಆದ್ರ ಜಗ್ಗಿ ಹಚ್ಚಬಾರದು. ಜಗ್ಗಿದ್ರ ಟೇಪ್ ಬಿಚ್ಚಿದ ಕೂಡಲೇ ಅದು ಹಿಂದ ಸರದು ಮ್ಯಾಲಿನ ಪದರು ಸುಕ್ಕಾಗತದ. ಕೆಳಗಿನ ಬಟ್ಟಿ ಎಲ್ಲಾ ಬದಿಗೂ 3 ಇಂಚು ದೊಡ್ಡದಿರಲಿ. ಅದರ ಮ್ಯಾಲ ಧೋತರ, ನಡುವಿನಿಂದ ಅಂಚಿಗೆ ಅಂಗೈಲೆ ಸವರಿ. ಕಡೀಕ ತ್ಯಾಪಿ ಪದರು.

ಇನ್ನೊಂದು, ಹಳೇ ಧೋತರಕ್ಕ ತೆಳ್ಳಗ ಗಂಜಿ ಹಾಕಿ ಇಸ್ತ್ರಿ ಮಾಡಿದ್ರ ಅರ್ಧ ಕೆಲಸ ಹಗುರ. ಮೆತ್ತನ ಅರಿವಿನ ಮಶೀನಿನ್ಯಾಗ ಓಡ್ಯಾಡೂದು. ಗಂಜಿ ಮೊದಲ ಒಗತಕ್ಕ ಹೋಗತದ.

ಸೂಜಿಮಲ್ಲಿಗೆ (ಹುಬ್ಬಳ್ಳಿ)
ಹೊಸ ಲಾಂಗ್‌ಕ್ಲಾತ್ ನೆನೆಸಿ ಒಣಗಿಸಿದ್ದೀರಾ? ಕೋರಾ ಕಾಟನ್ ಒಗೆದಾಗ ನೂರಕ್ಕೆ ಮೂರರಿಂದ ಐದು ಭಾಗ ಕುಗ್ಗುತ್ತದೆ. 96 ಇಂಚಿಗೆ 3ರಿಂದ 5 ಇಂಚು. ಮೇಲಿನ ಹಳೇ ಸೀರೆ ಇಪ್ಪತ್ತು ವರ್ಷ ಒಗೆಸಿಕೊಂಡದ್ದು, ಅದು ಇನ್ನು ಕುಗ್ಗುವುದಿಲ್ಲ. ಹಾಗೇ ಹೊಲಿದರೆ ಮೊದಲ ಒಗೆತಕ್ಕೆ ಕೌದಿ ಹಪ್ಪಳವಾಗುತ್ತದೆ.

ನೀಲಿದಾರ (ಧಾರವಾಡ)
ನೆನಸಿಲ್ರಿ. 😐

ದಬ್ಬಣ (ಗದಗ)
ಮತ್ತ ಬಿಚ್ಚರಿ ಎಲ್ಲಾ.

ಏಲಕ್ಕಿಹಾರ (ಹಾವೇರಿ)
ಬಿಚ್ಚೋವಾಗ ಮ್ಯಾಲಿಂದ ಎಳೀಬ್ಯಾಡ್ರಿ ಅಕ್ಕಾರ, ಹಳೇ ಸೀರಿ ಹರೀತೈತಿ. ತಿರುಗಿಸಿ, ಬಾಬಿನ್ ಕಡೆಯ ದಾರಾನ ನಾಲ್ಕೈದು ಹೊಲಿಗಿಗೆ ಒಮ್ಮೆ ಕತ್ತರಸ್ಕೋತ ಹೋಗ್ರಿ. ಆಮ್ಯಾಲ ಮ್ಯಾಲಿನ ದಾರ ಹಿಡದು ಎಳದ್ರ ಒಂದ ಎಳಿ ಸರ್ ಅಂತ ಪೂರಾ ಬರ್ತೈತಿ. ತುಣುಕು ದಾರಾ ಕೆಳಗ ಉಳೀತಾವ, ಒದ್ದಿ ಕೈಲೆ ಸವರಿದ್ರ ಉದುರ್ತಾವ.

ಮೀಟರ್‌ಟೇಪ್ (ಧಾರವಾಡ)
ವಾಕಿಂಗ್ ಫೂಟ್ ಹಾಕಿದರೆ ಈ ತಾಪತ್ರಯವೇ ಇಲ್ಲ. ಅದರ ತಳದಲ್ಲೂ ಹಲ್ಲಿರುತ್ತದೆ. ಪಕ್ಕದಲ್ಲಿ ಒಂದು ಕಡ್ಡಿ ಸೂಜಿಯ ಸ್ಕ್ರೂ ಮೇಲೆ ಕೂತು, ಸೂಜಿ ಏರಿಳಿದಂತೆ ಮೇಲಿನ ಹಲ್ಲನ್ನು ಕುಣಿಸುತ್ತದೆ. ಮೇಲಿನ ಪದರ, ಕೆಳಗಿನ ಪದರ ಒಟ್ಟಿಗೆ ಸಾಗುತ್ತವೆ.

ಹಲ್ಲುಪಟ್ಟಾ (ಹುಬ್ಬಳ್ಳಿ)
ಸರ್, ನೀವು ಹೇಳೂದು ಜಿಗ್‌ಜಾಗ್ ಮಶೀನಿಗೆ ಖರೇ. ಕರೇ ಮಶೀನಿಗೆ ತಗೊಳ್ಳೂದಕ್ಕಿಂತ ಮೊದಲ ಎರಡು ನೋಡಬೇಕು.

ನೇರ ಹೊಲಿಗಿ ಮಶೀನಿನ ಹಲ್ಲು ಸಣ್ಣ, ಎರಡೂ ಸಾಲು ಹತ್ತಿರ ಹತ್ತಿರ ಇರ್ತಾವ. ಪೇಟ್ಯಾಗ ಸಿಗೋ ವಾಕಿಂಗ್ ಫೂಟ್ ಅಗಲ ಹಲ್ಲಿನ ಜಿಗ್‌ಜಾಗ್ ಮಶೀನಿನ ಅಳತಿಗೆ ಮಾಡಿದ್ದು. ಕರೇ ಮಶೀನಿಗೆ ಹಾಕಿದ್ರ ಮ್ಯಾಲಿನ ಹಲ್ಲು ಕೆಳಗಿನ ಹಲ್ಲಿನ ಮ್ಯಾಲ ಕೂಡೂ ಬದಲು ಬಾಜೂ ಪ್ಲೇಟಿನ ಮ್ಯಾಲ ಕೂಡತಾವ. ಹಿಡತನ ಇಲ್ಲ ಅಂದ್ರ ಅಲ್ಲಿಗೆ ಮುಗೀತು. ಎರಡನೇದು, ಸೂಜಿ ಸ್ಕ್ರೂ ಬಲಕ್ಕ ಹೊರಗ ಚಾಚಿರಬೇಕು. ಒಳಗ ಕೂತ ಸಣ್ಣ ಸ್ಕ್ರೂ ಆದ್ರ ಕಡ್ಡಿ ಯಾವುದರ ಮ್ಯಾಲ ಕೂಡಬೇಕು? ಮಶೀನಿನ ಫೂಟ್ ಬಿಚ್ಚಿ ಕಿಸೇದಾಗ ಇಟ್ಕೊಂಡು ಅಂಗಡಿಗೆ ಹೋಗ್ರಿ, ದಂಡದ ಎತ್ತರ ಹೋಲಿಸಿ ತಗೋರಿ.

ಮೀಟರ್‌ಟೇಪ್ (ಧಾರವಾಡ)
ಒಪ್ಪಿದೆ. ಹಲ್ಲಿನ ಅಗಲದ ಮಾತು ನನ್ನ ತಲೆಗೆ ಬಂದಿರಲಿಲ್ಲ.

ತಾಳಮದ್ದಳಿ (ಶಿರಹಟ್ಟಿ)
ಒತ್ತಡದ ಸ್ಕ್ರೂ ಪೂರಾ ಸಡ್ಲ ಮಾಡ್ರಿ. ಅರಿವಿ ಬೆಣ್ಣಿಹಂಗ ಹೋಗತೈತಿ.

ಹಲ್ಲುಪಟ್ಟಾ (ಹುಬ್ಬಳ್ಳಿ)
ತಪ್ಪು. ಪೂರಾ ಸಡ್ಲ ಮಾಡಿದ್ರ ಸೂಜಿ ಮ್ಯಾಲೇಳೋವಾಗ ಅರಿವೀನೂ ಅದರ ಕೂಡ ಎದ್ದು ಬರ್ತೈತಿ. ಕೆಳಗ ಕೊಕ್ಕಿಗೆ ದಾರದ ಕುಣಿಕಿ ಸಿಗಂಗಿಲ್ಲ, ಹೊಲಿಗಿ ಬಿಟ್ಟ ಬಿಟ್ಟ ಬೀಳ್ತೈತಿ. ಅರ್ಧ ಸುತ್ತು ಸಡಲಿಸಿ ತುಂಡ ಅರಿವಿ ಮ್ಯಾಲ ನೋಡ್ರಿ, ಮತ್ತ ಅರ್ಧ ಸುತ್ತು. ಫೂಟ್ ಇಳಿಸಿ ಅರಿವಿ ಕೈಲೆ ಎಳದ್ರ ಬಿಗಿಲೆ ಬರಬೇಕು, ಜಾರಿ ಬರಬಾರದು. ಅಲ್ಲಿಗೆ ನಿಲ್ಲಿಸ್ರಿ.

ಸೂಜಿಮಲ್ಲಿಗೆ (ಹುಬ್ಬಳ್ಳಿ)
ಖಣದ ಮೇಲೆ ಹೊಲಿಗೆ ಬಿಡುವುದಕ್ಕೆ ಒತ್ತಡಕ್ಕಿಂತ ಸೂಜಿಯೇ ಕಾರಣ ಇರಬೇಕು. ಖಣದಲ್ಲಿ ರೇಷ್ಮೆಯದೋ ಆರ್ಟ್ ಸಿಲ್ಕಿನದೋ ಒತ್ತಾದ ನೇಯ್ಗೆ, ಮೊಂಡಾದ ಸೂಜಿ ಎಳೆಯನ್ನು ಸೀಳುವ ಬದಲು ತಳ್ಳುತ್ತದೆ. ಸೂಜಿ ಮೇಲಿನ ತನಕ ಸೇರಿದೆಯಾ ಅದನ್ನೂ ನೋಡಿ. ಒಂದು ಮಿಲಿಮೀಟರ್ ಕೆಳಗಿಳಿದಿದ್ದರೂ ಹೊಲಿಗೆ ಬಿಡುತ್ತದೆ.

ಏಲಕ್ಕಿಹಾರ (ಹಾವೇರಿ)
ಸೂಜಿ ನಂಬರ್ 18 ಹಾಕ್ರಿ. ನಾಲ್ಕು ಪದರಕ್ಕ ಅದ ಬೇಕು.

ಸೂಜಿಮಲ್ಲಿಗೆ (ಹುಬ್ಬಳ್ಳಿ)
ಬೇಡ. 18 ಅಂದರೆ 1.1 ಮಿಲಿಮೀಟರ್ ದಪ್ಪ. ಸವೆದ ಸೀರೆಗೆ ಅಷ್ಟು ದೊಡ್ಡ ತೂತು ಸಾಲಾಗಿ ಬಿದ್ದರೆ ಅಂಚೆಚೀಟಿಯ ಹಾಗೆ ಗೆರೆಗುಂಟ ಹರಿಯುತ್ತದೆ. 16 ಸಾಕು, ಅದು 1.0. ಸೀರೆ ತೀರಾ ಸವೆದಿದ್ದರೆ 14. ಜೀನ್ಸ್ ತುಂಡು ಸೇರಿಸಿದ ಕೌದಿಗೆ ಮಾತ್ರ 18.

ಹೊಲಿಗೆಯ ಉದ್ದಕ್ಕೂ ಇದೇ ಲೆಕ್ಕ. ಇಂಚಿಗೆ 12 ಹೊಲಿಗೆ ರವಿಕೆಗೆ ಸರಿ. ಕೌದಿಗೆ 7, 8 ಸಾಕು.

ಏಲಕ್ಕಿಹಾರ (ಹಾವೇರಿ)
ಆತ್ರಿ ಅಕ್ಕಾರ, ಜೀನ್ಸ್ ಕೌದಿ ನೋಡಿ ಹೇಳಿದೆ. ಹಳೇ ಸೀರಿಗೆ ನಿಮ್ಮ ಮಾತ ಖರೇ.

ಹಲ್ಲುಪಟ್ಟಾ (ಹುಬ್ಬಳ್ಳಿ)
ನಂಬರಿನ ಕೂಡ ದಂಡಾನೂ ನೋಡ್ರಿ. ಸೂಜಿದಂಡ ಎರಡು ನಮೂನಿ. ಒಂದು ಪೂರ್ತಿ ಗುಂಡ, ಒಂದಕ್ಕ ಒಂದು ಬದಿ ಚಪ್ಪಟಿ. ಮಶೀನಿಂದು ಯಾವುದಂತ ಹಳೇ ಸೂಜಿ ತಗದು ನೋಡ್ರಿ, ಅದನ್ನ ತೋರಿಸಿ ಕೇಳ್ರಿ. ಬರೇ "16 ನಂಬರ್ ಕೊಡ್ರಿ" ಅಂದ್ರ ಅಂಗಡಿಯವರು ಕೈಗೆ ಸಿಕ್ಕದ್ದು ಕೊಡ್ತಾರ. ಗುಂಡ ದಂಡದ್ದು ಹಾಕೋವಾಗ ಉದ್ದ ಕಾಲಿವಿ ಯಾವ ಕಡೆ ಇರಬೇಕಂತ ಸರಿ ಹಿಡೀರಿ. ದಾರ ಪೋಣಿಸೂದು ಆ ಬದಿಯಿಂದ. ಉಲ್ಟಾ ಹಾಕಿದ್ರ ಒಂದ ಹೊಲಿಗೀನೂ ಬೀಳಂಗಿಲ್ಲ.

ನೀಲಿದಾರ (ಧಾರವಾಡ)
ನಂದು ಗುಂಡ ದಂಡ. ಬರದಿಟ್ಕೊಂಡೆ. ಆದ್ರ ಸೂಜಿ ಮುರಿಯೂದು ಯಾಕ? ಪಿನ್ನಿನ ಮ್ಯಾಲ ಬಿದ್ದಿಲ್ಲ.

ಕಪ್ಪತಗುಡ್ಡ (ಗದಗ)
ಭಾರ. ಕೌದಿ ಟೇಬಲ್ ಅಂಚಿನಿಂದ ಕೆಳಗ ಜೋತು ಬಿದ್ದಿರ್ತದ, ಹೌದಲ್ಲೋ?

84 ಬೈ 96 ಇಂಚು ಅಂದ್ರ 5.2 ಚದರ ಮೀಟರ್. ನಾಲ್ಕು ಪದರು, ಹತ್ತಿರ ಹತ್ತಿರ 21 ಚದರ ಮೀಟರ್ ಅರಿವಿ. ಚದರ ಮೀಟರಿಗೆ 100, 120 ಗ್ರಾಂ ಹಿಡದ್ರೂ ಎರಡೂವರಿ ಕಿಲೊ. ಅದರಾಗ ಅರ್ಧ ನೆಲದ ಕಡೆ ಜಗ್ಗತಿದ್ರ, ಸೂಜಿ ಒಳಗಿದ್ದಾಗ ಅರಿವಿ ಅದನ್ನ ಬಾಗಿಸ್ತದ. ಬಾಗಿದ ಸೂಜಿ ಪ್ಲೇಟಿನ ತೂತಿಗೆ ಬೀಳೂದ ಬಿಟ್ಟು ಪ್ಲೇಟಿಗೆ ಬಡೀತದ. ಪ್ಲೇಟ್ ತಗದು ತೂತಿನ ಸುತ್ತ ಉಗುರು ಆಡಿಸ್ರಿ, ಗೀರು ಸಿಗತದ. ಗೀರಿದ್ರ 600 ನಂಬರ್ ಎಮರಿ ಕಾಗದ ಸುರುಳಿ ಮಾಡಿ ತಿಕ್ಕರಿ. ಇಲ್ಲಂದ್ರ ಅದ ಗೀರು ದಾರ ಹರೀತದ.

ಮಶೀನಿನ ಹಿಂದ ಒಂದು ಟೇಬಲ್, ಎಡಕ್ಕ ಮಂಚಾನೋ ಬೆಂಚೋ, ಎರಡೂ ಮಶೀನಿನ ಹಾಸಿನ ಎತ್ತರಕ್ಕ ಇರಲಿ. ಎತ್ತರ ಸಾಲದಿದ್ರ ಹಾಸಿಗಿ ಸುರುಳಿ ಇಡ್ರಿ. ಮುಂದಿನ ಭಾಗ ನಿಮ್ಮ ಎಡ ಹೆಗಲಿನ ಮ್ಯಾಲ. ಸೂಜಿಯ ಸುತ್ತ ಒಂದು ತಾಟಿನಷ್ಟು ಜಾಗಾದಾಗ ಅರಿವಿ ಸಡ್ಲ ಮಲಗಿರಬೇಕು. ಆ ತಾಟಿನಷ್ಟು ಹೊಲೀರಿ, ನಿಲ್ಲಸ್ರಿ, ಸೂಜಿ ಒಳಗ ಇಳಿಸಿ ಮತ್ತ ಅಷ್ಟು ಅರಿವಿ ತಂದುಕೋರಿ.

ತಾಳಮದ್ದಳಿ (ಶಿರಹಟ್ಟಿ)
ಭಾರ ಬಿಡ್ರಿ, ಜಾಗಾನ ಇಲ್ಲಲ್ರಿ. ಸೂಜಿಯಿಂದ ಮಶೀನಿನ ಕಂಬಕ್ಕ ಆರೂವರಿ, ಏಳು ಇಂಚು. ಅಷ್ಟರಾಗ 42 ಇಂಚು ಕೌದಿ ತುರಕೂದು ಹೆಂಗ?

ಕಪ್ಪತಗುಡ್ಡ (ಗದಗ)
ಎಲ್ಲಾರೂ ಅದನ್ನ ಅಂತಾರ, ಲೆಕ್ಕಾ ಯಾರೂ ಹಾಕೂದಿಲ್ಲ. ಸವದ ಸೀರಿ, ಧೋತರ ನಾಲ್ಕು ಪದರು ಕೂಡಿ ಸುಮಾರು 1.2 ಮಿಲಿಮೀಟರ್ ದಪ್ಪ. 42 ಇಂಚು ಬಿಗಿಯಾಗಿ ಸುತ್ತಿದ್ರ ಸುರುಳಿ 4 ಸೆಂಟಿಮೀಟರ್ ಆಗತದ. ಕೈಲೆ ಸುತ್ತಿದ್ದು ಸಡ್ಲ ಇರ್ತದ ಅಂತ 6, 7 ಹಿಡೀರಿ. ಅಂದ್ರೂ ಎರಡೂವರಿ ಇಂಚು. ಆರಾಮ ಹೋಗತದ.

ನಡುವ 200 ಗ್ರಾಂನ ಪಾಲಿಯೆಸ್ಟರ್ ಹಾಳಿ ಹಾಕಿದ್ರಿ ಅನ್ರಿ. ದಪ್ಪ ಒಂದು ಸೆಂಟಿಮೀಟರ್. ಅದ 42 ಇಂಚಿನ ಸುರುಳಿ ಎಷ್ಟ ಬಿಗಿ ಸುತ್ತಿದ್ರೂ ನಾಲ್ಕೂವರಿ ಇಂಚು ದಾಟತದ. ಅವಾಗ ಜಾಗಾದ ಮಾತು ಬರ್ತದ. ಹಳೇ ಅರಿವಿ ಕೌದಿಗೆ ಮಶೀನಿನ ತೋಳು ಸಾಲೂದಿಲ್ಲ ಅನ್ನೂದು ಸುಳ್ಳು. ಸಾಲದೇ ಇರೋದು ಟೇಬಲ್.

ಮೀಟರ್‌ಟೇಪ್ (ಧಾರವಾಡ)
"ಸಾಲದೇ ಇರೋದು ಟೇಬಲ್." ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಮಶೀನಿನ ಮೇಲೆ ಅಂಟಿಸಬೇಕು.

ನೀಲಿದಾರ (ಧಾರವಾಡ)
ಸುರುಳಿ ಬಿಚ್ಚಿಕೋತದಲ್ರಿ?

ಏಲಕ್ಕಿಹಾರ (ಹಾವೇರಿ)
ಅರಿವಿ ಒಣಗಸೋ ಕ್ಲಿಪ್ ಹಾಕ್ರಿ ಅಕ್ಕಾರ, ಒಂದು ಗೇಣಿಗೆ ಒಂದು. ಸ್ಟೀಲಿನದು ಬ್ಯಾಡ, ಕಂಬಕ್ಕ ತಾಕಿ ಬಣ್ಣ ಕೀಳತೈತಿ. ಬಲಗಡೆ ಸುರುಳಿ ಮಾತ್ರ ಸುತ್ತರಿ, ಎಡಗಡೆದು ಮಂಚದ ಮ್ಯಾಲ ಹರಡಿ ಬಿಡ್ರಿ. ಎರಡೂ ಬದಿ ಸುತ್ತಿದ್ರ ಪಲ್ಲಕ್ಕಿ ಹೊತ್ತಂಗ ಆಗತೈತಿ.

ದಬ್ಬಣ (ಗದಗ)
ಟೇಬಲ್, ಮಂಚ, ಬೆಂಚು, ಕ್ಲಿಪ್ಪು, ಐನೂರು ಪಿನ್ನು. ಕೈಹೊಲಿಗಿಗೆ ಬೇಕಾಗೂದು ಒಂದು ಸೂಜಿ, ಒಂದು ನೆಲ.

ಇನ್ನೊಂದು ಮಾತು. ಎಲ್ಲಾರೂ ನಡುವಿನಿಂದ ಸುರು ಮಾಡ್ರಿ ಅನ್ನಾಕ ಹತ್ತೀರಿ. ಹಳಿಯಾಳ, ಯಲ್ಲಾಪುರ ಕಡೆ ಕೈಲೆ ಕೌದಿ ಹಾಕೋರು ಮೂಲಿಯಿಂದ ಸುರು ಮಾಡಿ, ಅಂಚಿಗುಂಟ ಸುತ್ತಿ ಸುತ್ತಿ ನಡುವಕ್ಕ ಬಂದು ಮುಗಸ್ತಾರ. ಅವರ ಕೌದಿ ಯಾಕ ಸುಕ್ಕಾಗಂಗಿಲ್ಲ?

ಸೂಜಿಮಲ್ಲಿಗೆ (ಹುಬ್ಬಳ್ಳಿ)
ಅದು ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕವಂದಿ. ನಾಲ್ಕು ಮೂಲೆಗೆ ಮಡಿಚಿದ ಬಟ್ಟೆಯ ತ್ರಿಕೋನ ಇಡುತ್ತಾರೆ, ಅದಕ್ಕೆ ಫೂಲ ಅನ್ನುತ್ತಾರೆ. ಅದಿಲ್ಲದಿದ್ದರೆ ಕವಂದಿ ಪೂರ್ತಿಯಾದಂತಲ್ಲ. ನಮ್ಮ ಕಡೆಯ ಕೌದಿಯೂ ಅದೂ ಒಂದೇ ಅಲ್ಲ, ಆದರೆ ಪ್ರಶ್ನೆ ಒಳ್ಳೆಯದು.

ಅವರ ಮೇಲಿನ ಪದರ ಮೊದಲೇ ಕೂಡಿಸಿಟ್ಟದ್ದಲ್ಲ. ತ್ಯಾಪೆಯನ್ನು ಒಂದೊಂದಾಗಿ ಇಟ್ಟು, ಅಂಚು ಮಡಿಚಿ, ಅಲ್ಲೇ ಹೊಲಿಯುತ್ತಾ ಹೋಗುತ್ತಾರೆ. ಬಟ್ಟೆ ಹೆಚ್ಚಾಯಿತು ಅನ್ನಿಸಿದರೆ ಮುಂದಿನ ತ್ಯಾಪೆಯ ಮಡಿಕೆಯಲ್ಲಿ ಅದನ್ನು ನುಂಗಿಸಿಬಿಡಬಹುದು. ಕೈಸೂಜಿಗೆ ಹಲ್ಲಿಲ್ಲ, ಕೆಳಗಿನ ಪದರವನ್ನು ಅದು ಮುಂದೆ ಎಳೆಯುವುದೂ ಇಲ್ಲ. ಮಶೀನಿಗೆ ಬರುವ ಹೊತ್ತಿಗೆ ಮೇಲಿನ ಪದರ ಪೂರ್ತಿ ಕೂಡಿಸಿದ್ದು. ಸರಿದ ಬಟ್ಟೆ ಅಂಚಿನಿಂದ ಹೊರಗೆ ಹೋಗಬೇಕು, ಒಳಗೆ ಸಿಕ್ಕರೆ ನಿರಿಗೆ. ಅದಕ್ಕೇ ನಡುವಿನಿಂದ ಹೊರಕ್ಕೆ.

ದಬ್ಬಣ (ಗದಗ)
ಇದು ಉತ್ತರ. ಒಪ್ಪಿದೆ. ಚಾದರ ಅನ್ನೂದನ್ನ ಮಾತ್ರ ಬಿಡಂಗಿಲ್ಲ.

ತಾಳಮದ್ದಳಿ (ಶಿರಹಟ್ಟಿ)
ಒಂದು ಗೆರಿ ಮ್ಯಾಲಿಂದ ಕೆಳಗ, ಮುಂದಿನ ಗೆರಿ ಕೆಳಗಿಂದ ಮ್ಯಾಲ ಹೊಲದ್ರ ಸರದದ್ದು ಸಮಾ ಆಗತೈತಿ. ಇದು ಗೊತ್ತಿದ್ದ ಮಾತು.

ಹಲ್ಲುಪಟ್ಟಾ (ಹುಬ್ಬಳ್ಳಿ)
ಗೊತ್ತಿದ್ದ ತಪ್ಪು ಮಾತು. ಒಂದು ಗೆರಿ ಅರಿವೀನ ಆ ಕಡೆ ದಬ್ಬತೈತಿ, ಬಾಜೂಕಿನದು ಈ ಕಡೆ. ನಡುವಿನ 2 ಇಂಚು ಪಟ್ಟಿ ತಿರುಚಿಕೊಂಡು ಓರೆ ಓರೆ ಸುಕ್ಕು ಬೀಳತಾವ, ಹಗ್ಗ ಹೊಸದಂಗ. ಎಲ್ಲಾ ಗೆರಿ ಒಂದ ದಿಕ್ಕಿಗೆ ಹಾಕ್ರಿ.

ಮೀಟರ್‌ಟೇಪ್ (ಧಾರವಾಡ)
ಪೂರ್ತಿ ತಪ್ಪಲ್ಲ. ಮೊದಲು 10 ಇಂಚಿಗೆ ಒಂದರಂತೆ ಹಿಡಿಗೆರೆ (ಪದರಗಳನ್ನು ಹಿಡಿದಿಡುವ ಗೆರೆ) ಹಾಕಬೇಕು, ಎಲ್ಲವೂ ಒಂದೇ ದಿಕ್ಕಿಗೆ. ನಡುವಿನ ಗೆರೆ ಮೊದಲು, ಆಮೇಲೆ ಬಲ ಅರ್ಧ. ಎಡ ಅರ್ಧಕ್ಕೆ ಕೌದಿಯನ್ನೇ ತಿರುಗಿಸಿದರೆ ತೋಳಿನ ಕೆಳಗೆ ಯಾವಾಗಲೂ ಕಡಿಮೆ ಬಟ್ಟೆ ಇರುತ್ತದೆ. ಹಿಡಿಗೆರೆ ಬಿದ್ದ ಮೇಲೆ ನಡುವೆ ತುಂಬುವ ಗೆರೆ ಯಾವ ದಿಕ್ಕಿಗಿದ್ದರೂ ಅಷ್ಟು ವ್ಯತ್ಯಾಸವಿಲ್ಲ. ಬಟ್ಟೆ ಓಡಾಡಲು 10 ಇಂಚಿನ ಒಳಗೇ ಜಾಗ.

ಹಲ್ಲುಪಟ್ಟಾ (ಹುಬ್ಬಳ್ಳಿ)
ಎಡ ಅರ್ಧಕ್ಕ ಕೌದಿ ತಿರುಗಿಸಿದ್ರ ದಿಕ್ಕೂ ತಿರುಗತೈತಲ್ರಿ ಸರ್?

ಮೀಟರ್‌ಟೇಪ್ (ಧಾರವಾಡ)
ತಿರುಗುತ್ತದೆ. ಬಲ ಅರ್ಧ ಒಂದು ದಿಕ್ಕು, ಎಡ ಅರ್ಧ ಒಂದು ದಿಕ್ಕು. ಎದುರುಬದುರಾಗುವುದು ನಡುಗೆರೆಯ ಪಕ್ಕದ ಒಂದೇ ಪಟ್ಟಿಯಲ್ಲಿ. ಆ ಪಟ್ಟಿಗೆ ಕಚ್ಚಾ ಹೊಲಿಗೆ ಒಂದು ಸಾಲು ಹೆಚ್ಚಿಗೆ ಹಾಕಿದರೆ ಮುಗಿಯಿತು. ಗೆರೆಗಳ ನಡುವಿನ 40 ಪಟ್ಟಿಯಲ್ಲಿ ತಿರುಚುವುದಕ್ಕಿಂತ ಒಂದರಲ್ಲಿ ಜಾಗ್ರತೆ ವಹಿಸುವುದು ಲೇಸು.

ಹಲ್ಲುಪಟ್ಟಾ (ಹುಬ್ಬಳ್ಳಿ)
ಹಾಂ, ಇದು ಸರಿ.

ಏಲಕ್ಕಿಹಾರ (ಹಾವೇರಿ)
ನಾಲ್ಕು ತ್ಯಾಪಿ ಕೂಡೋ ಮೂಲಿಯ ಮಾತು ಉಳೀತು. ಅಲ್ಲಿ ಮ್ಯಾಲಿನ ಪದರ ಒಂದ ಇದ್ರೂ ಅಡಿಯಾಗ ಮಡಿಕಿ ಕೂಡಿ ಐದಾರು ಪದರ ಆಗಿರ್ತೈತಿ. ಹೊಲಿಗಿ ಅಂಚನ್ನ ಎರಡೂ ಕಡೆ ಬಿಚ್ಚಿ ಇಸ್ತ್ರಿ ಮಾಡ್ರಿ, ಒಂದ ಕಡೆ ಮಡಚಬ್ಯಾಡ್ರಿ. ದಪ್ಪ ಮೂಲಿ ಕಲ್ಲಿನ ಮ್ಯಾಲಿಟ್ಟು ಸುತ್ತಿಗಿಲೆ ಎರಡು ಏಟು ಹಾಕ್ರಿ, ಚಪ್ಪಟಿ ಆಗತೈತಿ. ಅಲ್ಲಿ ಬಂದಾಗ ತುಳಿಯೂದು ಬಿಟ್ಟು ಗಾಲಿ ಕೈಲೆ ತಿರುವಿ ದಾಟಸ್ರಿ. ಫೂಟ್ ಮೂತಿ ಮ್ಯಾಲ ಎದ್ದು ನಿಂತ್ರ ಹಿಂದ ಅರಿವಿ ಮಡಚಿ ಇಟ್ಟು ಸಮಾ ಮಾಡ್ರಿ.

ಗಾದಿಪೇಟೆ (ಹುಬ್ಬಳ್ಳಿ)
ಧೋತರದ ಬದಲು ಅರಳೆ ತುಂಬಿದರೆ? ಪಿಂಜಾರರ ಹತ್ತಿರ ಹಿಂಜಿಸಿದ ಜವಾರಿ ಹತ್ತಿ ಇದೆ.

ಕಪ್ಪತಗುಡ್ಡ (ಗದಗ)
ಬಿಡಿ ಅರಳಿ ಮಶೀನಿಗೆ ಆಗೂದಿಲ್ರಿ. ಫೂಟಿನ ಮುಂದ ಗುಡ್ಡಿ ಕಟ್ಟತದ. ಸೂಜಿ ಎಳಿ ಹಿಡಕೊಂಡು ಕೆಳಗ ಒಯ್ದು ಬಾಬಿನ್ ಮನಿ ತುಂಬತದ. ಹಾಕಲೇಬೇಕಂದ್ರ ಎರಡು ತೆಳು ಮಲ್ಲು ಬಟ್ಟಿ ನಡುವ ಅರಳಿ ಹರಡಿ, ಕೈಲೆ ಒಂದು ಗೇಣಿಗೊಂದು ಟಾಕಿ ಹಾಕಿ, ಅದನ್ನ ಒಂದ ಪದರು ಅಂತ ಲೆಕ್ಕ ಹಿಡೀರಿ. ಗೆರಿ 2 ಇಂಚಿಗಿಂತ ದೂರ ಹೋದ್ರ ಒಗದಾಗ ಅರಳಿ ಒಂದು ಮೂಲಿಗೆ ಸೇರತದ.

ಗಾದಿಪೇಟೆ (ಹುಬ್ಬಳ್ಳಿ)
ಸರಿ, ಅದು ಗಾದಿಗೇ ಇರಲಿ.

ಸಾಧನಕೇರಿ (ಧಾರವಾಡ)
ಇಷ್ಟೆಲ್ಲಾ ಯಾಕ್ರೀ? ಎರಡು ಭಾಗ ಮಾಡಿ ಹೊಲದು ಆಮ್ಯಾಲ ಕೂಡಸ್ರಿ. ಸೀರಿ ಅಗಲಾನ 45, 46 ಇಂಚು. 84 ಇಂಚಿನ ಕೌದಿಗೆ ನಡುವ ಜೋಡ ಹೆಂಗೂ ಬರ್ತದ. ಆ ಜೋಡ ಮೊದಲ ಹಾಕೂ ಬದಲು ಕಡೀಕ ಹಾಕ್ರಿ. 43 ಬೈ 96ರ ಎರಡು ಪಟ್ಟಿ, ಒಂದೊಂದೂ ಒಂದೂಕಾಲು ಕಿಲೊ.

ಕೂಡಸೋ ಕ್ರಮ ತಪ್ಪಿದ್ರ ನಡುವ ಹಗ್ಗದಂಥಾ ಗೆರಿ ನಿಲ್ತದ, ಮಲಗಿದಾಗ ಬೆನ್ನಿಗೆ ಒತ್ತತದ. ಅದಕ್ಕ: ಕೂಡೋ ಬದಿಗೆ ಕಡೀ 2 ಇಂಚು ಗೆರಿ ಹಾಕದ ಬಿಡ್ರಿ. ಎರಡೂ ಪಟ್ಟಿಯ ಮ್ಯಾಲಿನ ಪದರು ಮಾತ್ರ ಮುಖಕ್ಕ ಮುಖ ಇಟ್ಟು ಅರ್ಧ ಇಂಚಿಗೆ ಹೊಲೀರಿ, ಉಳದ ಪದರು ಹಿಂದ ಮಡಚಿ ಪಿನ್ ಹಾಕಿಟ್ಟಿರ್ರಿ. ಬಿಚ್ಚಿ ಬೋರಲ ಹಾಕಿ, ನಡುವಿನ ಧೋತರಾನ ಒಂದಕ್ಕೊಂದು ತಾಕೂ ಹಂಗ ಕತ್ತರಸ್ರಿ, ಒಂದರ ಮ್ಯಾಲ ಒಂದು ಬರಬಾರದು. ಕೆಳಗಿನ ಬಟ್ಟಿ ಒಂದು ಬದಿ ಸಮಾ ಹಾಸಿ, ಇನ್ನೊಂದು ಬದಿ ಅರ್ಧ ಇಂಚು ಒಳಗ ಮಡಚಿ ಅದರ ಮ್ಯಾಲ ಇಟ್ಟು ಕೈಲೆ ತುರಪಿ. ಆಮ್ಯಾಲ ಬಿಟ್ಟ ಜಾಗಾದಾಗ ಎರಡು ಗೆರಿ ಮಶೀನಿಲೆ.

ದಬ್ಬಣ (ಗದಗ)
ನೋಡ್ರಿ, ಕಡೀಕ ಕೈಹೊಲಿಗೀಗೆ ಬಂದ್ರಿ!

ಸಾಧನಕೇರಿ (ಧಾರವಾಡ)
96 ಇಂಚು ಅಷ್ಟ ಅಣ್ಣಾರ, ಎಲ್ಲಾ ಅಲ್ಲ.

ಸೂಜಿಮಲ್ಲಿಗೆ (ಹುಬ್ಬಳ್ಳಿ)
ತ್ಯಾಪೆಯ ಚೌಕಗಳು ಜೋಡಿನಲ್ಲಿ ಒಂದಕ್ಕೊಂದು ಕೂಡಬೇಕಾದರೆ ಈ ವಿಧಾನ ಕಷ್ಟ. ಹೊಲಿದ ಪಟ್ಟಿ ಹೊಲಿಯದ್ದಕ್ಕಿಂತ ಸ್ವಲ್ಪ ಕುಗ್ಗಿರುತ್ತದೆ, ಎರಡು ಪಟ್ಟಿ ಒಂದೇ ಅಳತೆಗೆ ಕುಗ್ಗುವುದಿಲ್ಲ. ಜೋಡಿನ ನಡುವೆ ಒಂದು ಉದ್ದ ಪಟ್ಟಿ, ಇಳಕಲ್ ಸೀರೆಯ ದಡಿ ಇಟ್ಟರೂ ಸಾಕು, ಚೌಕ ತಪ್ಪಿದ್ದು ಕಣ್ಣಿಗೆ ಬೀಳುವುದಿಲ್ಲ.

ಗಾದಿಪೇಟೆ (ಹುಬ್ಬಳ್ಳಿ)
ಅಂಥಾ ಕಂತೆಗೆ ಇಂಥಾ ಬೊಂತೆ ಅನ್ನುವುದರಲ್ಲಿ ಬೊಂತೆ ಅಂದರೆ ಕೌದಿಯೇ ಅಲ್ಲವೇ? ಸುಮ್ಮನೆ ಕೇಳಿದೆ.

ದಬ್ಬಣ (ಗದಗ)
ಹೌದು. ಮಶೀನಿಂದಲ್ಲ.

ನೀಲಿದಾರ (ಧಾರವಾಡ)
😀 ದಾರದ ಮಾತು ಹೇಳ್ರಿ. ಎಷ್ಟು ಬೇಕಾಗತದ? ಪಾಲಿಯೆಸ್ಟರೋ ಕಾಟನ್ನೋ?

ಮೀಟರ್‌ಟೇಪ್ (ಧಾರವಾಡ)
2 ಇಂಚಿಗೊಂದು ಗೆರೆ ಅಂದರೆ 41 ಗೆರೆ, ಒಂದೊಂದು 96 ಇಂಚು. ಒಟ್ಟು 100 ಮೀಟರ್ ಹೊಲಿಗೆ. ಪದರಗಳಲ್ಲಿ ಇಳಿದು ಏರುವುದರಿಂದ ಮೇಲೆ 130ರಿಂದ 150 ಮೀಟರ್, ಕೆಳಗೂ ಅಷ್ಟೇ. ನಾಲ್ಕು ಬಾಬಿನ್ ತುಂಬಿಟ್ಟುಕೊಂಡೇ ಕೂರಿ. ಗೆರೆಯ ನಡುವೆ ಬಾಬಿನ್ ಖಾಲಿಯಾದರೆ ಕೌದಿ ಹೊರಗೆಳೆಯಬೇಡಿ, ಸೂಜಿ ಮೇಲೆತ್ತಿ ಅಲ್ಲೇ ಬದಲಿಸಿ.

ಸೂಜಿಮಲ್ಲಿಗೆ (ಹುಬ್ಬಳ್ಳಿ)
40 ನಂಬರ್ ಕಾಟನ್. ಪಾಲಿಯೆಸ್ಟರ್ ಹಳೇ ಬಟ್ಟೆಗಿಂತ ಗಟ್ಟಿ, ಎಳೆತ ಬಿದ್ದಾಗ ದಾರ ಉಳಿದು ಬಟ್ಟೆ ಹರಿಯುತ್ತದೆ.

ಹಲ್ಲುಪಟ್ಟಾ (ಹುಬ್ಬಳ್ಳಿ)
ಅದು ಹೊಲಿಗಿ ಬಿಗಿ ಇದ್ದಾಗ ಅಕ್ಕಾರ. ಟೆನ್ಶನ್ (ದಾರದ ಬಿಗಿ) ಸಡ್ಲ ಇಟ್ರ ಪಾಲಿಯೆಸ್ಟರೂ ಏನೂ ಮಾಡಂಗಿಲ್ಲ. ಕಾಟನ್ ದಾರ ಧೂಳ ಹೆಚ್ಚು ಬಿಡತೈತಿ, ಎರಡು ಬಾಬಿನ್ ಮುಗಿಯೂದ್ರಾಗ ಬಾಬಿನ್ ಮನಿ ಬ್ರಷ್‌ಲೆ ಸಾಪ್ ಮಾಡಿ ಒಂದು ಹನಿ ಎಣ್ಣಿ ಬಿಡಬೇಕು. ಯಾವುದ ಹಾಕ್ರಿ, ಮ್ಯಾಲ ಕೆಳಗ ಒಂದ ನಮೂನಿ ಹಾಕ್ರಿ.

ಬಾಬಿನ್ ಕೇಸ್ ದಾರ ಹಿಡದು ಜೋತು ಬಿಡ್ರಿ. ತಾನ ಜಾರಬಾರದು, ಕೈ ಸ್ವಲ್ಪ ಜರಿದ್ರ ಒಂದೆರಡು ಇಂಚು ಇಳೀಬೇಕು. ಅದನ್ನ ಮೊದಲ ಸರಿ ಮಾಡಿ ಆಮ್ಯಾಲ ಮ್ಯಾಲಿನ ಟೆನ್ಶನ್. ಹಿಂದ ಗಂಟು ಗಂಟು ಬಂದ್ರ ಎಲ್ಲಾರೂ ಬಾಬಿನ್ ತಿರುವತಾರ, ತಪ್ಪಿರೋದು ಮ್ಯಾಲ: ದಾರ ಟೆನ್ಶನ್ ತಾಟಿನ ನಡುವ ಕೂತಿಲ್ಲ, ಇಲ್ಲಾ ಫೂಟ್ ಇಳಿಸೂದು ಮರತೀರಿ. ದಪ್ಪ ಕೌದಿ ಕೆಳಗ ಫೂಟ್ ಇಳದಂಗ ಕಾಣತೈತಿ, ಇಳದಿರಂಗಿಲ್ಲ.

ಹೂಬಳ್ಳಿ (ಹಾವೇರಿ)
ನೇರ ಗೆರಿ ಬ್ಯಾಡ, ಬಳ್ಳಿ ಬಳ್ಳಿ ಹೊಲೀಬೇಕಂದ್ರ?

ಮೀಟರ್‌ಟೇಪ್ (ಧಾರವಾಡ)
ಹಲ್ಲು ಕೆಲಸ ಮಾಡದಂತೆ ಮಾಡಬೇಕು. ಇಳಿಸುವ ಗುಂಡಿ ಇದ್ದರೆ ಸರಿ. ಇಲ್ಲದಿದ್ದರೆ ಹಳೇ ಪ್ಲಾಸ್ಟಿಕ್ ಕಾರ್ಡಿಗೆ ಸೂಜಿ ಇಳಿಯುವಷ್ಟು ತೂತು ಕೊರೆದು, ಹಲ್ಲಿನ ಮೇಲೆ ಟೇಪ್ ಹಚ್ಚಿ. ಹೊಲಿಗೆಯ ಉದ್ದ ಸೊನ್ನೆ, ಡಾರ್ನಿಂಗ್ ಫೂಟ್. ಹೊಲಿಗೆ ಎಷ್ಟುದ್ದ ಅನ್ನುವುದು ಇನ್ನು ನಿಮ್ಮ ಕೈಯದ್ದು: ಕಾಲು ಜೋರು, ಕೈ ನಿಧಾನವಾದರೆ ಚುಕ್ಕೆ ಚುಕ್ಕೆ. ಕೈ ಜೋರು, ಕಾಲು ನಿಧಾನವಾದರೆ ಉದ್ದ ಟಾಕಿ, ಸೂಜಿಯೂ ಬಾಗುತ್ತದೆ. ಬ್ಯಾಂಕಿನಲ್ಲಿ ನೋಟು ಎಣಿಸಲು ಬೆರಳಿಗೆ ಹಾಕುವ ರಬ್ಬರ್ ಟೊಪ್ಪಿಗೆ ನಾಲ್ಕು ತನ್ನಿ, ಹಿಡಿತ ಚೆನ್ನಾಗಿ ಸಿಗುತ್ತದೆ.

ಏಲಕ್ಕಿಹಾರ (ಹಾವೇರಿ)
ತುಳಿಯೋ ಮಶೀನಿಗೆ ಮಳಿಗಾಲದಾಗ ಚರ್ಮದ ಪಟ್ಟಾ ಹಿಗ್ಗತೈತಿ. ದಪ್ಪ ಜಾಗಾದಾಗ ಗಾಲಿ ಜಾರಿದ್ರ ಅದ ಕಾರಣ. ಅರ್ಧ ಇಂಚು ಕತ್ತರಿಸಿ ಮತ್ತ ತಂತಿ ಹಾಕ್ರಿ, ಒಮ್ಮೆಲೆ ಹೆಚ್ಚು ಕತ್ತರಸಬ್ಯಾಡ್ರಿ.

ನೀಲಿದಾರ (ಧಾರವಾಡ)
ಎರಡು ಪಟ್ಟಿ ಮಾಡೂದಂತ ಗಟ್ಟಿ ಮಾಡಿದೆ. ಲಾಂಗ್‌ಕ್ಲಾತ್ ಬಕೀಟಿನ್ಯಾಗ ನೆನೀತದ. ಗೋಟಿಗೆ (ಸುತ್ತ ಅಂಚಿನ ಪಟ್ಟಿಗೆ) ಎಷ್ಟು ಅರಿವಿ?

ಸಾಧನಕೇರಿ (ಧಾರವಾಡ)
ಸುತ್ತಳತಿ 360 ಇಂಚು, ಮೂಲಿಗೂ ಜೋಡಿಗೂ ಅಂತ 400 ಹಿಡೀರಿ. 44 ಇಂಚು ಅಗಲದ ಬಟ್ಟಿಯಾಗ ಎರಡೂವರಿ ಇಂಚಿನ 10 ಪಟ್ಟಿ, ಅಂದ್ರ 25 ಇಂಚು, ಮುಕ್ಕಾಲು ಮೀಟರ್ ತಗೋರಿ. ಪಟ್ಟಿಗಳನ್ನ ಓರೆ ಕೂಡಸ್ರಿ, ನೇರ ಕೂಡಿಸಿದ್ರ ಒಂದ ಜಾಗಾದಾಗ ದಪ್ಪ ಆಗತದ. ಖಣ ಬಣ್ಣ ಬಿಡ್ತದೇನು ನೋಡೀರೇನು? ಒದ್ದಿ ಬಿಳೀ ಅರಿವಿಲೆ ಹಿಂದಿನ ಬದಿ ತಿಕ್ಕಿ ನೋಡ್ರಿ.

ನೀಲಿದಾರ (ಧಾರವಾಡ)
ಈಗ ತಿಕ್ಕಿದೆ. ಕೆಂಪು ಖಣ ಬಿಡ್ತದ, ಹಸರು ಬಿಡೂದಿಲ್ಲ.

ಸಾಧನಕೇರಿ (ಧಾರವಾಡ)
ಕೆಂಪು ಚೌಕ ಎಷ್ಟವ? ಕೂಡಸೂದಕ್ಕಿಂತ ಮೊದಲಾದ್ರ ಬಿಚ್ಚಿ ಬ್ಯಾರೆ ಹಾಕ್ರಿ.

ನೀಲಿದಾರ (ಧಾರವಾಡ)
ಹನ್ನೆರಡು. ಬಿಚ್ಚಾಕ ಕೂತೆ.